ಬೀರುವಿಗಿಂತ ಉದ್ದದ ಕಾರು

ಹಳೆಯ ಗಾಡಿ ಕೊಳ್ಳುವಾಗ ನಾನು ಮೊದಲು ನೋಡುವುದು ಎಂಜಿನ್ ಅಲ್ಲ, ಪೆಡಲ್ ಮೇಲಿನ ರಬ್ಬರು. ಮೀಟರು ಸುಳ್ಳು ಹೇಳುತ್ತದೆ, ಮಾಲೀಕ ಸುಳ್ಳು ಹೇಳುತ್ತಾನೆ, ಕಾಲ ಕೆಳಗೆ ಸವೆದ ರಬ್ಬರು ಹೇಳುವುದಿಲ್ಲ. ಮನುಷ್ಯರಿಗೂ ಇದೇ ಲೆಕ್ಕ. ಅದಕ್ಕೇ ಚಂದ್ರಮೌಳಿಯವರು ವಿಜಯವಾಡದ, ಹಳಬರ ಬಾಯಲ್ಲಿ ಬೆಜವಾಡದ, ಆಟೋನಗರದಲ್ಲಿರುವ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ ದಿನ ನಾನು ಅವರ ಮುಖ ನೋಡದೆ ಚಪ್ಪಲಿ ನೋಡಿದೆ. ಎರಡು ಸಲ ಹೊಲಿಸಿದ ಚರ್ಮದ ಚಪ್ಪಲಿ. ಪಾಲಿಶ್ ಮಾತ್ರ ಅವತ್ತಿನ ಬೆಳಗಿನದು. ಅರ್ಧ ತೋಳಿನ ಇಸ್ತ್ರಿ ಅಂಗಿ. ಜೇಬಿನಲ್ಲಿ ಪೆನ್ನು, ಯಾರಾದರೂ ಕೇಳಿದರೆ ಪೆನ್ನು ಕೊಟ್ಟು ಕ್ಯಾಪು ತನ್ನ ಹತ್ತಿರವೇ ಇಟ್ಟುಕೊಳ್ಳುವ ಜಾತಿ. ಅಂದರೆ ಬ್ಯಾಂಕು.

ನಮ್ಮ ದಂಧೆಯ ಭಾಷೆಯಲ್ಲಿ ಹೇಳುವುದಾದರೆ: ಸಿಂಗಲ್ ಓನರ್, ಆಕ್ಸಿಡೆಂಟ್ ಇಲ್ಲ, ಸರ್ವಿಸ್ ತಪ್ಪಿಸಿಲ್ಲ, ಊರಿಂದೂರಿಗೆ ಓಡಿ ಕಿಲೋಮೀಟರ್ ಜಾಸ್ತಿ. ಒಳ್ಳೆಯ ಗಾಡಿ, ಆದರೆ ನನ್ನಂಥವನ ಅಂಗಡಿಯಲ್ಲಿ ಕೈ ಬಿಚ್ಚುವ ಗಿರಾಕಿಯಲ್ಲ ಎಂದು ಬೆಲೆ ಕಟ್ಟಿದೆ. ಕಿಲೋಮೀಟರಿನ ತನಕ ನನ್ನ ಅಂದಾಜು ಸರಿಯಾಗಿತ್ತು.

ತೆಲುಗಿನಲ್ಲೇ ಕೇಳಿದರು: ಹಳೆಯ ಓಮ್ನಿ ವ್ಯಾನು ಇದೆಯೇ? ಇದೆ ಎಂದೆ. ಇಡೀ ವ್ಯಾನು ಬೇಕು, ಆದರೆ ಮೇಲಿನ ಬಾಡಿ ಬೇಡ ಎಂದರು. ಬಾಡಿ ಬೇಡದೆ ಇಡೀ ವ್ಯಾನು ಕೇಳುವವರು ಎರಡು ಥರ. ಒಬ್ಬರು ಕಳ್ಳರು. ಇನ್ನೊಂದು ಥರದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಇವರು ವ್ಯಾನಿನ ಸುತ್ತ ಟೇಪು ಹಿಡಿದು ಕೂತು, ಏಳು, ಎಂಟು, ಒಂಬತ್ತು ಎಂದು ತುಟಿಯೊಳಗೇ ಎಣಿಸಿಕೊಳ್ಳುತ್ತಿದ್ದರು. ಮನುಷ್ಯ ಎಷ್ಟು ಭಾಷೆ ಕಲಿತರೂ ಎಣಿಸುವಾಗ ಮನೆಯ ಭಾಷೆಗೇ ಬರುತ್ತಾನೆ.

"ಯಾವ ಊರ ಕಡೆಯವರ್ರೀ?" ಎಂದೆ.

ಟೇಪು ಪಟಕ್ಕನೆ ಒಳಗೆ ಹೋಯಿತು. "ರಾಣೆಬೆನ್ನೂರ್ರಿ. ನೀವು?"

"ಗದಗ. ಇಪ್ಪತ್ತೈದು ವರ್ಷ ಆತು ಬೆಜವಾಡಕ್ಕ ಬಂದು. ಹೆಂಡತಿ ಮಂಗಳಗಿರಿಯಾಕಿ."

"ಹಂಗಾರ ರೇಟು ಕಡಿಮಿ ಮಾಡ್ತೀರಿ."

"ಊರವರಿಗೆ ಕಡಿಮಿ ಮಾಡಿದ್ರ ಬ್ಯಾರೆಯವರಿಗೆ ಏನು ಹೇಳ್ಲಿ? ಚಾ ಕುಡಿಸ್ತೀನಿ, ಬರ್ರಿ."

ಚಹಾ ಕುಡಿಯುತ್ತ ಗುಟ್ಟು ಬಿಟ್ಟರು. ಮನೆಯಲ್ಲೇ ಒಂದು ಕಾರು ಕಟ್ಟಬೇಕಂತೆ. ಕಿಟ್ ಕಾರು. ನಕ್ಷೆಯನ್ನೂ ಮೂತಿಯ ಫೈಬರ್ ಕವಚವನ್ನೂ ದುಡ್ಡು ಕೊಟ್ಟು ತರಿಸಿಕೊಳ್ಳುವುದು. ಕಬ್ಬಿಣದ ಚೌಕಟ್ಟನ್ನು ತಾನೇ ಮಾಡಿಕೊಳ್ಳುವುದು. ಎಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್, ಸ್ಟೀರಿಂಗು ಇವನ್ನೆಲ್ಲ ಒಂದು ಹಳೆಯ ಗಾಡಿಯಿಂದ ಕಿತ್ತು ಹಾಕುವುದು. ಹಾಗೆ ಕೀಳಿಸಿಕೊಳ್ಳುವ ಗಾಡಿಗೆ ಅವರು 'ಡೋನರ್' ಎನ್ನುತ್ತಿದ್ದರು, ನೇತ್ರದಾನ ಮಾಡಿದವರ ಬಗ್ಗೆ ಮಾತಾಡುವ ದನಿಯಲ್ಲಿ. ನಾವು ಅದನ್ನು ಕಟಿಂಗ್ ಗಾಡಿ ಎನ್ನುತ್ತೇವೆ. ನನ್ನ ಹತ್ತಿರ ಇದ್ದದ್ದು ಗನ್ನವರಂನ ಒಂದು ಶಾಲೆಗೆ ಮಕ್ಕಳನ್ನು ಸಾಗಿಸಿ ಮುದಿಯಾದ ವ್ಯಾನು. ಒಳಗಿನ ತಗಡಿನ ತುಂಬ ಮಕ್ಕಳು ಅಂಟಿಸಿದ ಹುಲಿ, ಆನೆ, ಚಿಟ್ಟೆ.

ಫೋನಿನಲ್ಲಿ ಚಿತ್ರ ತೋರಿಸಿದರು. ಉದ್ದ ಮೂತಿ, ಬಾಗಿಲಿಲ್ಲ, ಮೇಲೆ ಹೊದಿಕೆಯಿಲ್ಲ, ಹಿಂದುಗಡೆ ಇಬ್ಬರು ಹೊಂದಿಕೊಂಡು ಕೂರುವಷ್ಟು ಜಾಗ.

"ಇದಕ್ಕ ನಂಬರ್ ಪ್ಲೇಟ್ ಸಿಗೂದಿಲ್ರಿ," ಎಂದೆ. ಮಾಲು ಮಾರುವ ಮೊದಲು ಇಷ್ಟು ಹೇಳುವುದು ನನ್ನ ಪದ್ಧತಿ. ಆಮೇಲೆ ಜಗಳ ಕಡಿಮೆ.

"ಗೊತ್ತೈತಿ. ರಸ್ತೆಗೆ ಒಯ್ಯೂದಿಲ್ಲ. ಸ್ವಂತ ಜಾಗದಾಗ ಓಡಿಸ್ತೀನಿ."

"ಎಲ್ಲೈತ್ರಿ ನಿಮ್ಮ ಸ್ವಂತ ಜಾಗ?"

ಗ್ಲಾಸಿನ ತಳ ನೋಡಿದರು. "ಇನ್ನೂ ಇಲ್ರಿ."

ನನ್ನ ಅಂಗಡಿಗೆ ಬಗೆಬಗೆಯ ತಿಕ್ಕಲರು ಬಂದಿದ್ದಾರೆ. ಜಾಗವಿಲ್ಲದ ಮನುಷ್ಯ ಸ್ವಂತ ಜಾಗದಲ್ಲಷ್ಟೇ ಓಡುವ ಕಾರು ಕಟ್ಟಲು ಹೊರಟದ್ದು ಅದೇ ಮೊದಲು.

ವ್ಯಾನು ಬಿಚ್ಚಿಸುವುದು ಒಂದು ತಿಂಗಳು ನಡೆಯಿತು, ಏಕೆಂದರೆ ಇವರು ಭಾನುವಾರ ಮಾತ್ರ ಬರುತ್ತಿದ್ದರು ಮತ್ತು ಎಲ್ಲದಕ್ಕೂ ಕಾಗದ ಕೇಳುತ್ತಿದ್ದರು. ಆರ್‌ಸಿ ರದ್ದಾದ ಕಾಗದ ತೋರಿಸು, ಚಾಸಿ ನಂಬರ್ ಕತ್ತರಿಸಿ ಒಪ್ಪಿಸಿದ ರಸೀತಿ ತೋರಿಸು. ನಾನು ಮಗಳ ಮದುವೆ ಸಾಲಕ್ಕೆ ಹೋದಾಗಲೂ ಬ್ಯಾಂಕಿನವರು ಇಷ್ಟು ಕೇಳಿರಲಿಲ್ಲ. ಆಟೋನಗರದಲ್ಲಿ ಇನ್ನೊಂದು ರೂಢಿಯಿದೆ. ಗಿರಾಕಿ ತಾನು ಆರಿಸಿದ ಭಾಗದ ಮೇಲೆ ಪೇಂಟಿನಲ್ಲಿ ಒಂದು ಗುರುತು ಹಾಕುತ್ತಾನೆ, ಲಾರಿಗೆ ಹೇರುವಾಗ ನಮ್ಮಂಥವರು ಬದಲಿಸದಿರಲಿ ಅಂತ. ಎಲ್ಲರೂ ಒಂದು ಅಡ್ಡಗೀಟು ಎಳೆಯುತ್ತಾರೆ. ಇವರು ಸಣ್ಣ ಬ್ರಷ್ಷು ತಂದು, ಬ್ಯಾಂಕಿನ ವೋಚರಿಗೆ ಸಹಿ ಹಾಕುವ ಹಾಗೆ, ಪ್ರತಿಯೊಂದಕ್ಕೂ ಇನಿಷಿಯಲ್ಲು ಮತ್ತು ತಾರೀಖು ಬರೆದರು. ಗೇರ್ ಬಾಕ್ಸಿಗೆ ಇನಿಷಿಯಲ್ಲು, ಆಕ್ಸಲ್ಲಿಗೆ ಇನಿಷಿಯಲ್ಲು. ಕೊನೆಗೆ ಒಂದು ಡಬ್ಬಿ ದಪ್ಪ ಬೋಲ್ಟು ತೆಗೆದುಕೊಂಡರು, ಅವುಗಳ ಒಂದೊಂದು ತಲೆಯ ಮೇಲೂ ಬಿಳಿ ಚುಕ್ಕೆ ಇಟ್ಟರು.

"ಬೋಲ್ಟಿನ ಮ್ಯಾಲೆ ತಾರೀಖು ಹಿಡಿಸಲಿಲ್ಲೇನ್ರೀ?" ಎಂದೆ.

"ಬ್ರಷ್ಷು ದಪ್ಪ ಆತು," ಎಂದರು, ತಮಾಷೆ ತಿಳಿಯದವರಂತೆ.

ಅಂಗಡಿಗೆ ಬಂದಾಗಲೆಲ್ಲ ಅವರ ಕಣ್ಣು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ್ದ ಒಂದು ಹೆಡ್‌ಲೈಟಿನ ಮೇಲಿರುತ್ತಿತ್ತು. ಬೋಗುಣಿಯಂಥ ಹಳೇ ಕಾಲದ ದೀಪ, ಗುಂಟೂರು ಕಡೆಯ ಯಾರೋ ಜಮೀನ್ದಾರರ ವಿಲಾಯತಿ ಕಾರಿನದು. ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ನನ್ನ ಕೈಗೆ ಬಂದಾಗಲೇ ಅದು ಒಂಟಿ. ಜೋಡಿಯಲ್ಲಿ ಇರಬೇಕಾದದ್ದು ಒಂಟಿಯಾದರೆ ನಮ್ಮಲ್ಲಿ ಸತ್ತ ಮಾಲು. ಅದನ್ನು ಮಾರುವುದಿಲ್ಲ, ಶೋಭೆಗೆ ತೂಗುಹಾಕುತ್ತೇವೆ.

"ಇದರ ಜೋಡಿ ಎಲ್ಲೈತ್ರಿ ಸಾಹುಕಾರ್ರ?"

"ಹುಡುಕಾಕತ್ತೀನ್ರಿ," ಎನ್ನುತ್ತಿದ್ದೆ. ಹುಡುಕುತ್ತಿರಲಿಲ್ಲ.

ಅಷ್ಟರಲ್ಲಿ ಅವರಿಗೆ ವಿಶಾಖಪಟ್ಟಣದ ಗಾಜುವಾಕ ಶಾಖೆಗೆ ವರ್ಗವಾಯಿತು. ವ್ಯಾನಿನ ಭಾಗಗಳೆಲ್ಲ ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಮಂಚ, ಮಿಕ್ಸಿ, ಪುಸ್ತಕಗಳ ಜೊತೆ ಲಾರಿ ಹತ್ತಿದವು. ಇನ್ನು ಈ ಮನುಷ್ಯ ಆ ಚೀಲಗಳನ್ನು ನಿವೃತ್ತಿಯ ತನಕ ಊರಿಂದೂರಿಗೆ ಹೊತ್ತುಕೊಂಡು ತಿರುಗುತ್ತಾನೆ, ಕೊನೆಗೆ ಯಾರಿಗೋ ತೂಕಕ್ಕೆ ಹಾಕುತ್ತಾನೆ ಎಂದುಕೊಂಡೆ. ಆ ಯಾರೋ ನಾನೇ ಆದರೆ ಒಳ್ಳೆಯದು ಎಂದೂ ಅಂದುಕೊಂಡೆ.

ಬಂದರಿನ ಹಳೇ ಗಾಡಿಗಳ ಹರಾಜಿಗೆ ನಾನು ಆಗಾಗ ವಿಶಾಖಪಟ್ಟಣಕ್ಕೆ ಹೋಗುತ್ತೇನೆ. ಮುಂದಿನ ವರ್ಷ ಹಾಗೆ ಹೋದಾಗ ಚಂದ್ರಮೌಳಿ ಊಟಕ್ಕೆ ಕರೆದರು. ಗಾಜುವಾಕದ ಒಳರಸ್ತೆಯೊಂದರಲ್ಲಿ ಲಕ್ಷ್ಮೀಕಾಂತಮ್ಮನವರ ಮನೆ. ಮೇಲೆ ಒಡತಿ, ಕೆಳಗೆ ಇವರು. ಹಿತ್ತಲಿನಲ್ಲಿ ಆಕೆಯ ಗಂಡ ಬದುಕಿದ್ದಾಗ ಲಾರಿ ನಿಲ್ಲಿಸುತ್ತಿದ್ದ ಶೆಡ್ಡು. ಬಾಗಿಲಲ್ಲೇ ಚಂದ್ರಮೌಳಿಯವರ ಮಗಳು ಶ್ರಾವಣಿ, ಕಾಲೇಜಿನ ಹುಡುಗಿ, "ಅಂಕಲ್, ಮಂಚಿನೀಳ್ಳು... ಅಲ್ಲ, ನೀರು ತರಲಾ?" ಎಂದು ಎರಡು ಭಾಷೆಯಲ್ಲಿ ಉಪಚರಿಸಿದಳು. ಹೆಂಡತಿ ಕಮಲಾಕ್ಷಿಯವರು ಜೋಳದ ರೊಟ್ಟಿ, ಅದಕ್ಕೆ ಗೋಂಗೂರ ಪಚ್ಚಡಿ ಬಡಿಸಿದರು. ಊರಲ್ಲಿ ಪುಂಡಿ ಪಲ್ಯಕ್ಕೆ ರೊಟ್ಟಿ ತಿಂದವನೇ ನಾನು; ಅದೇ ಸೊಪ್ಪಿನ ಆಂಧ್ರದ ಪಚ್ಚಡಿಗೂ ರೊಟ್ಟಿ ಇಷ್ಟು ಹೊಂದುತ್ತದೆಂದು ಇಪ್ಪತ್ತೈದು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಊಟವಾದ ಮೇಲೆ ಶೆಡ್ಡಿಗೆ ಕರೆದೊಯ್ದರು. ನಾನು ಗೋಣಿಚೀಲ ನೋಡಲು ಸಿದ್ಧನಾಗಿ ಹೋದವನು. ಅಲ್ಲಿ ಕಾರು ನಿಂತಿತ್ತು. ಮೂತಿಯ ಕವಚ ಇನ್ನೂ ಕೂತಿರಲಿಲ್ಲ, ಸೀಟಿನ ಜಾಗದಲ್ಲಿ ಎರಡು ಪ್ಲಾಸ್ಟಿಕ್ ಸ್ಟೂಲು. ಆದರೂ ಚೌಕ ಪೈಪಿನ ಚೌಕಟ್ಟಿನೊಳಗೆ ಶಾಲೆ ವ್ಯಾನಿನ ಎಂಜಿನ್ ಅಚ್ಚುಕಟ್ಟಾಗಿ ಕೂತಿತ್ತು. ಸುತ್ತಲೂ ಮುಟ್ಟಿ ನೋಡಿದೆ. ಮುಂದಿನ ಅರ್ಧದಲ್ಲಿ ಬೆಸುಗೆ ಚೆನ್ನಾಗಿತ್ತು. ಹಿಂದಿನ ಅರ್ಧದಲ್ಲೂ ಚೆನ್ನಾಗಿತ್ತು. ಆದರೆ ಅವೆರಡೂ ಕೂಡುವ ಕಡೆ, ಕಾರಿನ ನಡುವಿನಲ್ಲಿ, ಎದುರುಬದುರು ಎರಡು ಕಬ್ಬಿಣದ ಪಟ್ಟಿ. ಅವುಗಳ ತುಂಬ ತಲೆಯ ಮೇಲೆ ಬಿಳಿ ಚುಕ್ಕೆಯಿಟ್ಟ ನನ್ನ ಬೋಲ್ಟುಗಳು.

"ಇಲ್ಲ್ಯಾಕ ಬೆಸುಗಿ ಹಾಕಸ್ಲಿಲ್ರಿ?"

"ಹಾಕಿಸಿದ್ರ ಬೀರುಗಿಂತ ಉದ್ದ ಆಗ್ತೈತ್ರಿ," ಎಂದರು ಚಂದ್ರಮೌಳಿ.

ನನಗೆ ಅರ್ಥವಾಗಲಿಲ್ಲ. ಕಮಲಾಕ್ಷಿಯವರು ವಿವರಿಸಿದರು. ಅವರ ಸಂಸಾರದ ಕಾಯಿದೆ ಅದು. ಹತ್ತು ಹನ್ನೆರಡು ಊರು ತಿರುಗಿದವರು. ವರ್ಗದ ಲಾರಿಯಲ್ಲಿ ಮೊದಲು ಏರುವುದು ಕಬ್ಬಿಣದ ಬೀರು, ಉಳಿದದ್ದೆಲ್ಲ ಅದರ ಪಕ್ಕಕ್ಕೆ. ಆದ್ದರಿಂದ ಮನೆಗೆ ಬರುವ ಯಾವ ವಸ್ತುವೂ ಬೀರುವಿಗಿಂತ ಉದ್ದ ಇರಬಾರದು. ಮಂಚ ಎರಡು ತುಂಡಾಗುತ್ತದೆ. ಊಟದ ಮೇಜು ಮಡಚುತ್ತದೆ. ಪರದೆಯ ಕೋಲು ಒಂದರೊಳಗೊಂದು ಹೋಗುತ್ತದೆ.

"ನಾನು ಬೀರುಗಿಂತ ಗಿಡ್ಡ ಇದ್ದೆ, ಅದಕ್ಕ ಮದುವಿ ಆಗ್ಯಾರ," ಎಂದರು ಕಮಲಾಕ್ಷಿ.

"ಇದು ಗಾಡಿ ಅಲ್ಲೇನ್ರೀ? ಗಾಡಿ ಅಂತನ ಲಾರಿ ಮ್ಯಾಲೆ ಏರಿಸಿ ಒಯ್ಯಬಹುದಲ್ಲ?" ಎಂದೆ.

"ಲಾರಿ ಬಾಡಿಗಿ ಕೊಡೂದು ಬ್ಯಾಂಕು. ಆರ್‌ಸಿ ಇಲ್ಲದ್ದು ಅದರ ಲೆಕ್ಕದಾಗ ಗಾಡಿ ಅಲ್ರಿ. ಮನಿ ಸಾಮಾನು ಅಂತನ ಹೋಗಬೇಕು," ಎಂದರು ಚಂದ್ರಮೌಳಿ. "ಈ ಬೋಲ್ಟು ಬಿಚ್ಚಿದ್ರ ಎರಡು ತುಂಡು. ಎರಡೂ ಬೀರುಗಿಂತ ಎರಡು ಬೆರಳು ಕಡಿಮಿ. ಮೊದಲ ದಿನಾನ ಅಳತಿ ತಗೊಂಡೀನಿ."

ಆ ಎರಡು ಬೆರಳಿನ ಬಗ್ಗೆ ಅವರಿಗಿದ್ದ ಹೆಮ್ಮೆ ನೋಡಿ, ಬೋಲ್ಟುಗಳ ಮೇಲಿನ ನನ್ನ ಅನುಮಾನವನ್ನು ಜೇಬಿಗೆ ಹಾಕಿಕೊಂಡೆ. ಗಿರಾಕಿಯ ಖುಷಿ ಕೆಡಿಸುವುದು ವ್ಯಾಪಾರವಲ್ಲ.

ಕೆಡಿಸುವ ಕೆಲಸವನ್ನು ಕಾರೇ ಮಾಡಿತು. ಲಕ್ಷ್ಮೀಕಾಂತಮ್ಮನವರಿಗೆ ಸಬ್ಬವರಂ ಕಡೆ ಒಂದು ಮಾವಿನ ತೋಪಿದೆ, ಬೇಲಿ ಹಾಕಿದ್ದು, ನಡುವೆ ಟ್ರಾಕ್ಟರ್ ಓಡಾಡುವ ಮಣ್ಣಿನ ದಾರಿ. ಮೂತಿ ಕೂತು, ಸೀಟು ಬಂದು, ಬಣ್ಣ ಹತ್ತಿದ ಮೇಲೆ ಅಲ್ಲೇ ಓಡಿಸಿ ನೋಡಿ ಎಂದು ಆಕೆಯೇ ಹೇಳಿದರು. ಹರಾಜಿನ ನೆಪದಲ್ಲಿ ನಾನೂ ಹೋಗಿದ್ದೆ. ಸಣ್ಣ ಲಾರಿಯಲ್ಲಿ ಕಾರು ಬಂತು. ಒಡತಿ ಆಟೋದಲ್ಲಿ ಬಂದರು, ತೆಂಗಿನಕಾಯಿ, ಅರಿಸಿನ, ನಾಲ್ಕು ನಿಂಬೆಹಣ್ಣು ಸಮೇತ.

ಒಂದು ಸುತ್ತು ಬಂದು ನೋಡಿ, ಅವರು ತೆಲುಗಿನಲ್ಲಿ ನನ್ನನ್ನು ಕೇಳಿದರು: "ಏನಂಡೀ ಬೆಜವಾಡ ಶಾವುಕಾರುಗಾರೂ, ಮೂತಿ ಇಷ್ಟುದ್ದ, ಕೂರೋಕೆ ಮಾತ್ರ ಇಷ್ಟೇನಾ? ನಮ್ಮ ಮ್ಯಾನೇಜರುಗಾರು ಸಾಲ ಕೊಟ್ಟ ಹಾಗೇ ಗಾಡೀನೂ ಮಾಡಿದಾರೆ. ಫಾರಂ ದೊಡ್ಡದು, ಸಿಗೋದು ಚೂರು."

ಚಂದ್ರಮೌಳಿ ಕೂತರು. ಪಕ್ಕದಲ್ಲಿ ಕಮಲಾಕ್ಷಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ನಿಂಬೆಹಣ್ಣು ಪಚಕ್ಕೆಂದವು. ಶಾಲೆ ವ್ಯಾನಿನ ಎಂಜಿನ್ ಮೂರು ಸಲ ಕೆಮ್ಮಿ ಹತ್ತಿಕೊಂಡಿತು. ಕಾರು ಹೊರಟಿತು. ಹೊರಟಿತು ಎಂದು ಬರೆಯುವುದು ಸುಲಭ. ತಗಡು, ಪೈಪು, ಪೇಂಟಿನ ಇನಿಷಿಯಲ್ಲುಗಳೆಲ್ಲ ಕೂಡಿ ಒಂದು ಗಾಡಿಯಾಗಿ ಮರಗಳ ನಡುವೆ ಸರಿದು ಹೋದದ್ದನ್ನು ನೋಡಿ ನಾನು ಬಾಯಲ್ಲಿದ್ದ ಅಡಿಕೆ ಜಗಿಯುವುದನ್ನು ಮರೆತೆ. ನನ್ನ ಅಂಗಡಿಯಲ್ಲಿ ಗಾಡಿಗಳು ಭಾಗಗಳಾಗುತ್ತವೆ. ಭಾಗಗಳು ಗಾಡಿಯಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ತೋಪಿನ ಕೊನೆಗೆ ಹೋಗಿ ತಿರುಗಿಸಿಕೊಂಡು ಬಂದರು. ಪಂಪ್‌ಸೆಟ್ಟಿನ ಹತ್ತಿರ ದಾರಿ ಸ್ವಲ್ಪ ಇಳಿಜಾರು, ಕೆಳಗೆ ಸಿಮೆಂಟಿನ ನೀರಿನ ತೊಟ್ಟಿ. ಅಲ್ಲಿ ಬ್ರೇಕು ತುಳಿದರು. ಈಗ ನೋಡಿ: ಪೆಡಲುಗಳಿದ್ದದ್ದು ಕಾರಿನ ಮುಂದಿನ ಅರ್ಧದಲ್ಲಿ, ಸೀಟುಗಳಿದ್ದದ್ದು ಹಿಂದಿನ ಅರ್ಧದಲ್ಲಿ. ತುಳಿದ ಜೋರಿಗೆ ನಡುವಿನ ಪಟ್ಟಿಗಳು ಬಾಗಿ ಬಾಯಿ ಬಿಟ್ಟವು. ಬ್ರೇಕು ತುಳಿದಷ್ಟೂ ಬ್ರೇಕೇ ದೂರ ಹೋಯಿತು. ಕಾರು ಅರ್ಧ ಬ್ರೇಕಿನಲ್ಲೇ ಜಾರಿ ತೊಟ್ಟಿಗೆ ಮೂತಿ ಗುದ್ದಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಮೂತಿ ಸ್ವಲ್ಪ ಬಿರುಕು ಬಿಟ್ಟಿತು.

ಕಮಲಾಕ್ಷಿಯವರು ನಿಧಾನವಾಗಿ ಇಳಿದು ಸೀರೆ ಕೊಡವಿಕೊಂಡರು. "ನೋಡ್ರಿ, ನೀವು ಇಲ್ಲೇ ಕೂತಿದ್ರಿ. ನಿಮ್ಮ ಕಾಲು ಆಗಲೇ ಮುಂದಿನ ಊರಿಗೆ ಹೊಂಟಿತ್ತು."

ಚಂದ್ರಮೌಳಿ ನಗಲಿಲ್ಲ. ಮಣ್ಣಿನಲ್ಲಿ ಕೂತು ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಇನ್ನೂ ನಾಲ್ಕು ಬೋಲ್ಟು ಸೇರಿಸಿದ್ರ..."

"ನಾನ್ನೂರು ಸೇರಸ್ರಿ," ಎಂದರು ಹೆಂಡತಿ. "ಬೋಲ್ಟು ಇರೂತನ ನಾನಂತೂ ಕೂಡೂದಿಲ್ಲ."

"ಬೆಸುಗಿ ಹಾಕಸ್ರಿ," ಎಂದೆ ನಾನೂ.

"ಹಾಕಿಸಿ? ವರ್ಗ ಆದ್ರ? ಎಲ್ಲಿ ಒಯ್ದು ಇಡ್ಲಿ ಇದನ್ನ? ಮೂರನೇ ಮಾಳಿಗಿ ಫ್ಲ್ಯಾಟಿನಾಗ? ನಿಮಗೇನ್ರಿ, ನಿಮ್ಮ ಅಂಗಡಿಗೆ ಕಾಲಿಲ್ಲ."

ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ವಾತಾವರಣ ತಿಳಿಯಾಗಲಿ ಎಂದು ನಾನೊಂದು ಮಾತು ಎಸೆದೆ: "ನೀವು ಈ ಗಾಡಿಯ ನಡಾ ಬೆಸುಗಿ ಹಾಕಿಸಿದ ದಿನ, ನನ್ನ ಗಲ್ಲಾದ ಮ್ಯಾಲಿನ ಹೆಡ್‌ಲೈಟ್ ನಿಮ್ಮದು. ಜೋಡಿ! ಪುಕ್ಕಟೆ."

"ಜೋಡಿ ಸಿಕ್ಕೈತೇನ್ರಿ?" ತಲೆಯೆತ್ತಿದರು.

"ಅಷ್ಟರಾಗ ಸಿಗತೈತಿ."

ವ್ಯಾಪಾರಿಯ ಮಾತು ಅದು. ನನ್ನಲ್ಲಿಲ್ಲದ ಮಾಲನ್ನು, ಬಾರದ ದಿನಕ್ಕೆ ಕೊಡುತ್ತೇನೆಂದೆ. ಇದಕ್ಕಿಂತ ಸುರಕ್ಷಿತವಾದ ದಾನ ಇನ್ನೊಂದಿಲ್ಲ.

ಆಮೇಲೆ ಬಹಳ ದಿನ ಅವರಿಂದ ಫೋನು ಬರಲಿಲ್ಲ. ಬ್ಯಾಂಕುಗಳಲ್ಲಿ ಬಡ್ತಿಯ ಪಟ್ಟಿ ಬರುವ ಕಾಲದಲ್ಲಿ ಒಂದು ಸಲ ನಾನೇ ಮಾಡಿದೆ. ಪಟ್ಟಿಯಲ್ಲಿ ಹೆಸರಿದೆ ಎಂದರು. ಎರಡು ಸಲ ತಪ್ಪಿದ್ದು, ಈ ಸಲ ಬಂದಿದೆ, ಸೀನಿಯರ್ ಮ್ಯಾನೇಜರ್, ಊರು ಪಾಟ್ನಾ. ಅಭಿನಂದನೆ ಹೇಳಿದೆ. ಕಾರಿನ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಫೋನಿಟ್ಟ ಮೇಲೆ ಗಲ್ಲಾದ ಮೇಲಿನ ದೀಪ ನೋಡಿದೆ. ಅಲ್ಲೇ ಇರಲಿ ಎಂದುಕೊಂಡೆ.

ಹದಿನೈದು ದಿನ ಕಳೆದಿರಬೇಕು. ಬಸ್ ಪಾರ್ಸೆಲ್ಲಿನಲ್ಲಿ ಗಾಜುವಾಕದಿಂದ ಒಂದು ಡಬ್ಬಿ ಬಂತು. ಕಾಫಿ ಪುಡಿಯ ಡಬ್ಬಿ, ಗಾತ್ರಕ್ಕೆ ಮೀರಿದ ತೂಕ. ಮುಚ್ಚಳ ತೆಗೆದೆ. ನನ್ನ ಬೋಲ್ಟುಗಳು. ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸು ಹಚ್ಚಿ ಕಾಗದದಲ್ಲಿ ಸುತ್ತಿದ್ದರು. ತಲೆಯ ಮೇಲೆ ಬಿಳಿ ಚುಕ್ಕೆ ಹಾಗೇ ಇತ್ತು. ಜೊತೆಗೆ ಪತ್ರ ಗಿತ್ರ ಏನೂ ಇಲ್ಲ. ಬಳಸಿದ ಬೋಲ್ಟನ್ನು ಗ್ರೀಸು ಹಚ್ಚಿ ವಾಪಸು ಕಳಿಸುವ ಗಿರಾಕಿಯನ್ನು ಆಟೋನಗರ ಕಂಡಿಲ್ಲ, ಇನ್ನು ಕಾಣುವುದೂ ಇಲ್ಲ.

ಕೂಡಲೇ ಫೋನು ಮಾಡಿದೆ. ಕಮಲಾಕ್ಷಿಯವರು ಎತ್ತಿದರು.

"ಡಬ್ಬಿ ಮುಟ್ತೇನ್ರಿ? ಡಬ್ಬಿ ನಂದು, ವಾಪಸ್ ಕೊಡಬೇಕು ಮತ್ತ."

ನಡೆದದ್ದನ್ನು ಅವರೇ ಹೇಳಿದರು. ಪಾಟ್ನಾದ ಆದೇಶ ಬಂದ ವಾರ ಸಾಮಾನು ಸಾಗಿಸುವ ಕಂಪನಿಯವನು ಮನೆ ನೋಡಲು ಬಂದ. ಪದ್ಧತಿಯಂತೆ ಮೊದಲು ಬೀರುವಿಗೆ ಟೇಪು ಹಿಡಿದ. ಆಮೇಲೆ ಶೆಡ್ಡಿಗೆ ಬಂದು, ಇದೇನು ಸಾರ್ ಎಂದ. ಎರಡು ತುಂಡಾಗುತ್ತದೆ, ಮನೆ ಸಾಮಾನು ಎಂದು ಬರೆದುಕೋ ಎಂದು ಇವರೇ ಪಾನಾ ಹಿಡಿದು ಕೂತರು, ಅವನಿಗೆ ಬಿಚ್ಚಿ ತೋರಿಸಲು. ಎರಡು ಬೋಲ್ಟು ಬಿಚ್ಚಿದರು. ಮೂರನೆಯದಕ್ಕೆ ಪಾನಾ ಇಟ್ಟವರು ಹಾಗೇ ಕೂತುಬಿಟ್ಟರು. ಕಂಪನಿಯವನು ಕಾಯುತ್ತ ನಿಂತ.

"ನೀವೇನಂದ್ರಿ?" ಎಂದು ಕೇಳಿದೆ.

"ನಾ ಏನನ್ಲಿ? ಎಷ್ಟೋ ಊರಾಗ ಬಿಚ್ಚೀನಿ, ಕಟ್ಟೀನಿ. ಬಿಚ್ಚೂದಿದ್ರ ಪೂರಾ ಬಿಚ್ಚರಿ ಅಂದೆ. ಆದ್ರ ಇದು ಮತ್ತ ಕಟ್ಟೂದಲ್ಲ, ಪಾಟ್ನಾದಾಗ ಗೋಣಿಚೀಲದಾಗ ಇರತೈತಿ, ಅಲ್ಲಿಂದ ಇನ್ನೊಂದು ಊರಿಗೆ ಗೋಣಿಚೀಲದಾಗ ಹೋಗತೈತಿ, ಅಷ್ಟು ತಿಳಕೊಂಡು ಬಿಚ್ಚರಿ ಅಂದೆ. ಅಂದು ಒಳಗ ಹೋಗಿ ಆ ಮನುಷ್ಯಾಗ ಕಾಫಿ ಮಾಡಿದೆ. ಕಾಫಿ ತರೂದ್ರೊಳಗ ಬಿಚ್ಚಿದ ಎರಡೂ ಬೋಲ್ಟು ವಾಪಸ್ ಹಾಕಿದ್ರು."

ಮರುದಿನ ಬ್ಯಾಂಕಿನಲ್ಲಿ ಬಡ್ತಿ ಬೇಡವೆಂದು ಬರೆದುಕೊಟ್ಟರು. ಶಾಖೆಯವರು ತಲೆ ಚಚ್ಚಿಕೊಂಡರಂತೆ. ಮಗಳ ಓದು ಎಂದಾದರೂ ಬರೆಯಿರಿ, ತಾಯಿಯ ಆರೋಗ್ಯ ಎಂದಾದರೂ ಬರೆಯಿರಿ ಎಂದರಂತೆ. ಸುಳ್ಳು ಬರೆಯಲು ಇವರ ಪೆನ್ನು ಏಳಲಿಲ್ಲ. ನಿಜ ಬರೆಯಲು ಧೈರ್ಯವಿರಲಿಲ್ಲ. 'ಸ್ವಂತ ಕಾರಣ' ಎಂದು ಬರೆದರು. ಇವರಿಗೆ ಗುಪ್ತವಾಗಿ ಏನೋ ದೊಡ್ಡ ಕಾಯಿಲೆಯಿದೆ ಎಂದು ಶಾಖೆಯಲ್ಲಿ ಸುದ್ದಿಯಾಗಿ, ಒಬ್ಬರು ಸೇಬಿನ ಬುಟ್ಟಿ ಹಿಡಿದು ಮನೆಗೇ ಬಂದರಂತೆ.

ಬಡ್ತಿ ಬಿಟ್ಟರೆ ವರ್ಗ ಬಿಡುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಮುಂದಿನ ವರ್ಷ ಶ್ರೀಕಾಕುಳಕ್ಕೋ ವಿಜಯನಗರಕ್ಕೋ ಹಾಕಬಹುದು. ಹಾಕಿದರೆ ಇವರೊಬ್ಬರೇ ಹೋಗಿಬಂದು ಮಾಡುತ್ತಾರೆ. ಮನೆ, ಬೀರು, ಕಾರು ಗಾಜುವಾಕದಲ್ಲೇ. ಹಾಗೆಂದು ಗಂಡಹೆಂಡತಿ ತೀರ್ಮಾನಿಸಿದ ಮೇಲೆಯೇ ಶಿಪ್‌ಯಾರ್ಡಿನ ಕಂಟ್ರಾಕ್ಟಿನಲ್ಲಿ ದುಡಿಯುವ ಒಬ್ಬ ವೆಲ್ಡರನ್ನು ಕರೆಸಿದ್ದು. ಪಟ್ಟಿಗಳನ್ನು ಕತ್ತರಿಸಿ ತೆಗೆದು, ಪೈಪಿಗೆ ಪೈಪು ಕೂಡಿಸಿ, ಅಡ್ಡಡ್ಡ ಆಸರೆ ಕೊಟ್ಟು ಬೆಸೆದರು.

"ಸಾಹುಕಾರ್ರ," ಎಂದರು ಕೊನೆಗೆ ಕಮಲಾಕ್ಷಿ, "ನೀವೇನೋ ಜೋಡಿ ದೀಪ ಕೊಡ್ತೀನಿ ಅಂದಿದ್ರಲ್ಲ. ಇವರು ಕೇಳೂದಿಲ್ಲ, ನಾಚಿಕಿ. ನನಗ ನಾಚಿಕಿ ಇಲ್ಲ."

ಗಲ್ಲಾದ ಮೇಲಿನ ಮೊಳೆಯಿಂದ ದೀಪ ಇಳಿಸಿ ಉಜ್ಜಿಸಿದೆ. ಮುಂದಿನ ಹರಾಜಿನ ತನಕ ಕಾಯದೆ, ರಾತ್ರಿಯ ರೈಲಿನಲ್ಲಿ ಬಟ್ಟೆಯಲ್ಲಿ ಸುತ್ತಿದ ದೀಪವನ್ನು ತಲೆದಿಂಬಿನಂತೆ ಇಟ್ಟುಕೊಂಡು ಹೋದೆ. ಮಾವಿನ ತೋಪಿನಲ್ಲಿ ಈ ಸಲ ನಿಂಬೆಹಣ್ಣು ಎಂಟು. ಮೊದಲ ನಾಲ್ಕು ಕೆಲಸ ಮಾಡಿಲ್ಲ ಎಂದು ಲಕ್ಷ್ಮೀಕಾಂತಮ್ಮನವರ ಅಭಿಪ್ರಾಯ.

"ಒಂದೇ ಐತಲ್ರಿ," ಎಂದರು ಚಂದ್ರಮೌಳಿ, ಬಟ್ಟೆ ಬಿಚ್ಚಿ.

"ಇನ್ನೊಂದು ಬರತೈತ್ರಿ."

ಅವರು ದೀಪವನ್ನು ಬಲಗಡೆಗೆ ಕೂರಿಸಿದರು. ಎಡಗಡೆಯ ದೀಪದ ಜಾಗ ಖಾಲಿ ಬಿಟ್ಟರು. ಬೇರೆ ಯಾವುದಾದರೂ ದೀಪವನ್ನು ಅಲ್ಲಿ ಸಿಕ್ಕಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಸಿಕ್ಕಿಸಲಿಲ್ಲ. ಕಮಲಾಕ್ಷಿಯವರು ಕಾರಿನ ನಡುವಿನಲ್ಲಿ 'ಬೋಲ್ಟು ಇಲ್ಲಲ್ಲ?' ಎಂದು ಬಗ್ಗಿ ನೋಡಿ, ಹತ್ತಿ ಕೂತರು. ಕಾರು ತೋಪಿನ ತುದಿಗೆ ಹೋಯಿತು, ತಿರುಗಿತು, ಪಂಪ್‌ಸೆಟ್ಟಿನ ಇಳಿಜಾರಿಗೆ ಬಂತು. ಚಂದ್ರಮೌಳಿ ಬ್ರೇಕು ತುಳಿದರು. ತೊಟ್ಟಿಗೆ ಇನ್ನೂ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗ ಇರುವಾಗಲೇ ಕಾರು, ಸೀಟು, ಪೆಡಲು, ಗಂಡ, ಹೆಂಡತಿ ಎಲ್ಲ ಒಂದೇ ಕಡೆ ನಿಂತವು.

"ಇನ್ನೊಂದು ಸುತ್ತು," ಎಂದರು ಕಮಲಾಕ್ಷಿ.

ಅವರು ಸುತ್ತು ಹಾಕುವಷ್ಟೂ ಹೊತ್ತು ನಾನು ಮರದ ಕೆಳಗೆ ಒಡತಿಯ ಜೊತೆ ನಿಂತಿದ್ದೆ. ಒಂಟಿಗಣ್ಣಿನ ಗಾಡಿ ಬರುವಾಗ ಬಲಗಣ್ಣು ಮಿಂಚುತ್ತಿತ್ತು. ಕಾರು ನಿಂತ ಮೇಲೆ ಹತ್ತಿರ ಹೋಗಿ, ವ್ಯಾಪಾರಿಯ ಚಟ, ಬೆಸುಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಕಪ್ಪು ಬಣ್ಣದ ಮೇಲೆ, ಬೆಸುಗೆಯ ಪಕ್ಕದಲ್ಲೇ, ಸಣ್ಣ ಬ್ರಷ್ಷಿನಲ್ಲಿ ಬಿಳಿ ಅಕ್ಷರ: ಇನಿಷಿಯಲ್ಲು, ತಾರೀಖು. ಆರಿಸಿದ ಮಾಲನ್ನು ಯಾರೂ ಬದಲಿಸಬಾರದು ಅಂತ ಹಾಕುವ ಗುರುತು.

ಕಾಫಿ ಡಬ್ಬಿ ವಾಪಸು ಕೊಟ್ಟಿದ್ದೇನೆ. ಈಗ ನಿಜವಾಗಿಯೂ ಹುಡುಕುತ್ತಿದ್ದೇನೆ. ಚೆನ್ನೈಗೂ ಕೊಯಮತ್ತೂರಿಗೂ ಹೇಳಿಟ್ಟಿದ್ದೇನೆ, ಗುಂಟೂರಿನ ಆ ಜಮೀನ್ದಾರರ ಹಳೇ ಮನೆಯ ಅಟ್ಟವನ್ನೂ ಹತ್ತಿ ಇಳಿದಿದ್ದೇನೆ. ಸಿಕ್ಕಿಲ್ಲ. ಚಂದ್ರಮೌಳಿಯವರಿಗೆ ನಾನು ಎಡಗಡೆಯ ಹೆಡ್‌ಲೈಟ್ ಒಂದು ಕೊಡಬೇಕು.